30 ಡಿಗ್ರಿ ಯಾವ ಮರದ ಲೆಕ್ಕ?

ತೆಂಗಿನ ಮರ ಸತ್ತಿದೆ ಅಂತ ತಿಳಿಯೋಕೆ ಹತ್ತಿರ ಹೋಗಬೇಕಿಲ್ಲ. ಮೊದಲು ಸುಳಿ ಬಾಗುತ್ತೆ, ಆಮೇಲೆ ಗರಿಗಳೆಲ್ಲ ಮಡಚಿದ ಛತ್ರಿ ಥರ ಕಾಂಡಕ್ಕೆ ಜೋತು ಬೀಳುತ್ತೆ, ಕೊನೆಗೊಂದು ದಿನ ತಲೆಯೇ ಕಳಚಿ ಬಿದ್ದು ಬರೀ ಕಂಬ ಉಳಿಯುತ್ತೆ. ಬೋರನಕಣಿವೆಯಿಂದ ಹೊರಟು ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಅಂತ ಬೈಕಲ್ಲಿ ಒಂದು ಸುತ್ತು ಬಂದರೆ ಇಂಥ ಕಂಬಗಳು ಕಣ್ಣಿಗೆ ಬೀಳದ ಊರು ಸಿಗೋದು ಕಷ್ಟ. ಕಣಿವೆಯಲ್ಲಿ ನೀರು ನಿಂತ ವರ್ಷ ಸುತ್ತಲ ಬೋರ್‌ವೆಲ್‌ಗಳಿಗೆ ಜೀವ ಬರುತ್ತೆ. ನಿಲ್ಲದ ವರ್ಷಗಳ ಲೆಕ್ಕ ತೋಟದಲ್ಲಿ ಕಂಬಗಳಾಗಿ ಕಾಣುತ್ತೆ. ಬರ ಒಂದು ಕಡೆ, ಅದರ ಜೊತೆಗೆ ಕಾಂಡ ಸೋರೋ ರೋಗ, ಅಣಬೆ ರೋಗ, ಕಪ್ಪುತಲೆ ಹುಳು, ಕೆಂಪು ಮೂತಿ ಹುಳು.

ಸತ್ತ ಮರದ ಮುಂದೆ ಎರಡು ದಾರಿ. ಒಂದು, ಲಾರಿಯವನು ಬಂದು ತುಂಡು ಮಾಡಿ ಇಟ್ಟಿಗೆ ಗೂಡಿಗೆ ಸೌದೆ ಅಂತ ಹೊತ್ತುಕೊಂಡು ಹೋಗೋದು. ಅದರಲ್ಲಿ ಸಿಗೋ ದುಡ್ಡು ಹೇಳ್ಕೊಳ್ಳೋ ಹಾಗಿರಲ್ಲ. ಇನ್ನೊಂದು, ಚೆನ್ನಾಗಿ ಬಲಿತ ಮರ ಆಗಿದ್ದರೆ ಉದ್ದಕ್ಕೆ ಸೀಳಿಸಿ ತೊಲೆ, ಜಂತೆ, ರೀಪು ಮಾಡಿಸ್ಕೊಳ್ಳೋದು. ನಮ್ಮ ಚಿಕ್ಕಪ್ಪನ ದನದ ಕೊಟ್ಟಿಗೆ ನಿಂತಿರೋದೇ ಇಂಥ ಜಂತೆಗಳ ಮೇಲೆ. ಅವರ ತಂದೆ ನೆಟ್ಟ ಮರಗಳು, ಅರವತ್ತು ವರ್ಷ ಕಾಯಿ ಕೊಟ್ಟು ಈಗ ಸೂರು ಹೊತ್ತುಕೊಂಡಿವೆ.

ಈ ಎರಡರಲ್ಲಿ ಯಾವ ದಾರಿ ಅನ್ನೋದು ಬಹಳ ಸಲ ನಿರ್ಧಾರ ಆಗೋದು ಒಂದು ಸಣ್ಣ ವಿಷಯದ ಮೇಲೆ: ಊರಲ್ಲಿರೋ ಚೈನ್‌ ಸಾ ಮಿಷನ್ನಿನವರಿಗೆ ತೆಂಗನ್ನ ಉದ್ದಕ್ಕೆ ಸೀಳೋಕೆ ಮನಸ್ಸಿದೆಯಾ, ಇಲ್ವಾ. "ಅಡ್ಡ ಕುಯ್ಯೋದಾದ್ರೆ ಎಷ್ಟು ಮರ ಬೇಕಾದ್ರೂ ಕುಯ್ತೀನಿ, ಸೀಳೋದು ಮಾತ್ರ ಬ್ಯಾಡ" ಅನ್ನೋರೇ ಹೆಚ್ಚು. ಸೋಮಾರಿತನ ಅಲ್ಲ ಅದು. ತೆಂಗು ಸೀಳೋಕೆ ನಿಂತರೆ ಚೈನು ಅರ್ಧ ಗಂಟೆಗೆ ಮೊಂಡಾಗುತ್ತೆ, ಮಿಷನ್ ಕಾಯುತ್ತೆ, ಪೆಟ್ರೋಲ್ ಕುಡಿಯುತ್ತೆ, ಸೊಂಟ ಬಿದ್ದುಹೋಗುತ್ತೆ. ಮರಕ್ಕಿಷ್ಟು ಅಂತ ಕೂಲಿ ಮಾತಾಡಿದವರಿಗೆ ಇದೆಲ್ಲ ನಷ್ಟದ ಬಾಬ್ತು.

ಇದಕ್ಕೆ ಕಾರಣ ಹುಡುಕ್ತಾ ಹೋದರೆ ಬರೋದು ಚೈನಿನ ಹಲ್ಲಿಗೆ ಅರ ಹಾಕೋ ಕೋನಕ್ಕೆ.

ಗೊತ್ತಿಲ್ಲದವರಿಗೆ ಒಂದು ಮಾತು. ಚೈನ್‌ ಸಾ ಹಲ್ಲು ಗರಗಸದ ಹಲ್ಲಿನ ಥರ ಮೂರು ಮೂಲೆಯ ಚೂಪು ಅಲ್ಲ. ತಲೆಕೆಳಗಾದ 'ಎಲ್' ಅಕ್ಷರದ ಥರ ಬಾಗಿರೋ ಪುಟ್ಟ ಉಳಿ ಅದು. ಮೇಲೊಂದು ನೆತ್ತಿ, ಪಕ್ಕದಲ್ಲೊಂದು ಗೋಡೆ. ಪಕ್ಕದ ಗೋಡೆ ಮರದ ನಾರನ್ನ ಕತ್ತರಿಸುತ್ತೆ, ನೆತ್ತಿಯ ಅಂಚು ಅದನ್ನ ಎಬ್ಬಿಸಿ ಚಕ್ಕೆ ಮಾಡುತ್ತೆ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ, ಹೀಗೆ ಸಾಲು. ಪ್ರತಿ ಹಲ್ಲಿನ ಮುಂದೆ ಮೀನಿನ ರೆಕ್ಕೆ ಥರದ ಒಂದು ಗುಬಟು ಇರುತ್ತೆ, ಅದಕ್ಕೆ ರೇಕರ್ ಅಂತಾರೆ. ಹಲ್ಲು ಒಂದು ಸಲಕ್ಕೆ ಎಷ್ಟು ಆಳ ಕಚ್ಚಬೇಕು ಅಂತ ಹೇಳೋದು ಅದೇ.

ಈ ಹಲ್ಲಿನ ಹಿಂದೆ ಒಂದು ಕಥೆ ಇದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಅನ್ನೋ ಮರ ಕಡಿಯೋ ಕೆಲಸದವರು 1946ರಲ್ಲಿ ಒಂದು ಮರದ ಮೋಟು ನೋಡ್ತಾ ನಿಂತಿದ್ದರಂತೆ. ಅದರೊಳಗೆ ದುಂಬಿಯ ಮರಿಹುಳು ಎಡಕ್ಕೊಂದು ಬಲಕ್ಕೊಂದು ಕಚ್ಚುತ್ತಾ, ನಾರಿನ ಉದ್ದಕ್ಕೂ ಅಡ್ಡಕ್ಕೂ ಆರಾಮಾಗಿ ದಾರಿ ಮಾಡ್ಕೊಂಡು ಹೋಗ್ತಿತ್ತು. ಅದರ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಕಂಪನಿ ಶುರು ಮಾಡಿದರು. ಅದಕ್ಕೆ ಮುಂಚಿನ ಚೈನುಗಳು ಗರಗಸದ ಥರ ಗೀರುತ್ತಿದ್ದವು. ಇವತ್ತು ತಿಪಟೂರಿನ ಅಂಗಡಿಯಲ್ಲಿ ನೇತು ಹಾಕಿರೋ ಚೈನಿನ ಹಲ್ಲಿಗೂ ಮೂಲ ಅದೇ. ನಮ್ಮ ತೋಟದಲ್ಲಿ ಕೆಂಪು ಮೂತಿ ಹುಳುವಿನ ಮರಿ ಮರವನ್ನ ಒಳಗಿಂದಲೇ ತಿಂದು ಕೊಲ್ಲುತ್ತೆ, ಸತ್ತ ಮರವನ್ನ ಇನ್ನೊಂದು ಹುಳುವಿನ ದವಡೆ ಕುಯ್ಯುತ್ತೆ. ಎರಡೂ ಬೇರೆ ಬೇರೆ ಜಾತಿ, ನಿಜ. ಆದರೂ ಮಿಷನ್ ಸದ್ದು ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತೆ.

ಈಗ ಕೋನದ ವಿಷಯ. ಹಲ್ಲನ್ನ ಮೇಲಿಂದ ನೋಡಿ. ನೆತ್ತಿಯ ಅಂಚು ಬಾರಿಗೆ ನೇರ ಅಡ್ಡಲಾಗಿ ಇರಲ್ಲ, ಓರೆಯಾಗಿರುತ್ತೆ. ಆ ಓರೆ ಎಷ್ಟು ಅನ್ನೋದೇ ಎಲ್ಲರೂ ಹೇಳೋ '30 ಡಿಗ್ರಿ'. ಸ್ಟಿಲ್ ಕಂಪನಿ ತನ್ನ ಮಾಮೂಲಿ ಚೈನುಗಳಿಗೆ 30 ಹೇಳುತ್ತೆ, ಒರೆಗಾನ್ ಕೆಲವಕ್ಕೆ 30, ಕೆಲವಕ್ಕೆ 25 ಅನ್ನುತ್ತೆ. ಬಹಳಷ್ಟು ಚೈನುಗಳಲ್ಲಿ ನೆತ್ತಿಯ ಹಿಂಭಾಗದಲ್ಲಿ ಒಂದು ಓರೆ ಗೆರೆ ಕೊರೆದಿರ್ತಾರೆ. ಅರವನ್ನ ಆ ಗೆರೆಗೆ ಸಮಾನಾಂತರವಾಗಿ ಹಿಡಿದರೆ ಕಂಪನಿಯ ಕೋನ ಬಂತು ಅಂತ ಲೆಕ್ಕ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ 30 ಅನ್ನೋದು ಡೀಫಾಲ್ಟ್ ವ್ಯಾಲ್ಯೂ. ಯಾರೋ, ಎಲ್ಲೋ, ಒಂದು ಬಗೆಯ ಬಳಕೆದಾರರನ್ನ ಮನಸ್ಸಲ್ಲಿಟ್ಟುಕೊಂಡು ಹಾಕಿದ್ದು. ಆ ಬಳಕೆದಾರ ಸ್ವೀಡನ್ನಲ್ಲೋ ಕೆನಡಾದಲ್ಲೋ ಹಸಿ ಪೈನ್ ಮರವನ್ನ ಅಡ್ಡಕ್ಕೆ ಕುಯ್ಯೋ ಮನುಷ್ಯ. ಕೊಟ್ಟಿಗೆ ಪಕ್ಕ ಒಣಗಿದ ತೆಂಗನ್ನ ಉದ್ದಕ್ಕೆ ಸೀಳ್ತಾ ಇರೋ ನಮ್ಮೂರಿನ ಅಣ್ಣ ಆ ಪಟ್ಟಿಯಲ್ಲೇ ಇರಲಿಲ್ಲ.

ಓರೆ ಜಾಸ್ತಿ ಮಾಡಿದರೆ, ಅಂದರೆ 35ರ ಕಡೆ ಹೋದರೆ, ಹಲ್ಲು ಕುಡುಗೋಲಿನ ಥರ ಎಳೆದು ಕೊಯ್ಯುತ್ತೆ. ಮೆತ್ತಗಿನ ಮರದಲ್ಲಿ ಬೆಣ್ಣೆ ಕೊಯ್ದ ಹಾಗೆ ಹೋಗುತ್ತೆ. ಆದರೆ ಎಲ್ಲ ಕೆಲಸವನ್ನೂ ಮೊದಲು ಮಾಡೋದು ಹಲ್ಲಿನ ಮುಂದಿನ ಮೂಲೆ. ಓರೆ ಹೆಚ್ಚಿದಷ್ಟೂ ಆ ಮೂಲೆ ತೆಳ್ಳಗಾಗುತ್ತೆ. ಗಟ್ಟಿ ಮರಕ್ಕೋ ಮಣ್ಣಿಗೋ ತಾಗಿದರೆ ಮೊದಲು ಸಾಯೋದು ಅದು. ಓರೆ ಕಮ್ಮಿ ಮಾಡಿದರೆ, 25, 20, 10 ಅಂತ ಬಂದರೆ, ಹಲ್ಲು ಬಡಗಿಯ ಉಳಿಯ ಥರ ನೇರ ನಿಲ್ಲುತ್ತೆ. ವೇಗ ಸ್ವಲ್ಪ ಕಮ್ಮಿ, ಆದರೆ ಮೂಲೆಯಲ್ಲಿ ಉಕ್ಕು ಜಾಸ್ತಿ, ಬಾಳಿಕೆ ಜಾಸ್ತಿ. ಮನೆಯಲ್ಲೇ ನೋಡಿ, ಟೊಮೆಟೊ ಹೆಚ್ಚೋ ಚಾಕುವಿನ ಅಂಚಿಗೂ ಎಳನೀರು ಕೊಚ್ಚೋ ಮಚ್ಚಿನ ಅಂಚಿಗೂ ಎಷ್ಟು ವ್ಯತ್ಯಾಸ. ಮಚ್ಚಿಗೆ ಚಾಕುವಿನಷ್ಟು ತೆಳ್ಳಗೆ ಸಾಣೆ ಹಿಡಿಸಿದರೆ ನಾಲ್ಕು ಎಳನೀರಿಗೆ ಅಂಚು ಮಡಚಿಕೊಳ್ಳುತ್ತೆ. ಅಲ್ಲಿ ಯಾರೂ ಡಿಗ್ರಿ ಲೆಕ್ಕ ಹಾಕಲ್ಲ, ಆದರೆ ಎಳನೀರು ಅಂಗಡಿಯವರಿಗೆ ಅದು ಕೈಯಲ್ಲೇ ಗೊತ್ತು.

ತೆಂಗು ಯಾಕೆ ಇಷ್ಟು ಕಾಡುತ್ತೆ? ನನಗೆ ಈ ಇಡೀ ವಿಷಯದಲ್ಲಿ ರುಚಿ ಹತ್ತಿದ್ದೇ ಇಲ್ಲಿ.

ಹಲಸು, ಬೇವು, ಹುಣಸೆ ಯಾವುದೇ ಮರ ತಗೊಳ್ಳಿ, ಚೇಗು ಇರೋದು ನಡುವೆ. ಹೊರಗೆ ಬಿಳಿ, ಮೆತ್ತಗೆ. ಒಳಗೆ ಹೋದಂತೆ ಕಪ್ಪು, ಗಟ್ಟಿ. ತೆಂಗಿನಲ್ಲಿ ಎಲ್ಲ ಉಲ್ಟಾ. ಗಟ್ಟಿ ಇರೋದು ಹೊರಗೆ, ಒಳಗೆ ಬರೀ ತಿರುಳು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ತೆಂಗು ಹುಲ್ಲು, ಬಿದಿರು, ಅಡಿಕೆ ಇವುಗಳ ಬಳಗ, ಏಕದಳ. ವರ್ಷಕ್ಕೊಂದು ಉಂಗುರ ಅಂತ ದಪ್ಪ ಆಗೋ ಮರವೇ ಅಲ್ಲ. ನೀರು, ಆಹಾರ ಸಾಗಿಸೋ ನಾಳಗಳ ಕಟ್ಟುಗಳು ಕಾಂಡದ ತುಂಬ ಹರಡಿರುತ್ತವೆ, ಹೊರ ಅಂಚಿಗೆ ಬಂದಷ್ಟೂ ಒತ್ತೊತ್ತಾಗಿ, ಗಟ್ಟಿಯಾಗಿ. ಕುಯ್ದ ತುದಿಯಲ್ಲಿ ಕಾಣೋ ಕಂದು ಚುಕ್ಕೆಗಳು ಅವೇ. ವಯಸ್ಸಾದ ಮರದ ಬುಡದ ಹೊರಭಾಗ ತೂಕದಲ್ಲಿ ಒಂದು ಘನ ಮೀಟರಿಗೆ 600 ಕೆಜಿ ದಾಟುತ್ತೆ, ಅದೇ ಮರದ ಒಳತಿರುಳು 400ಕ್ಕಿಂತ ಕೆಳಗೆ. ಒಂದೇ ಕೊಯ್ತದಲ್ಲಿ ಹಲ್ಲು ಕಲ್ಲಿನಂಥ ಸಿಪ್ಪೆ ದಾಟಿ, ಸ್ಪಂಜಿನಂಥ ತಿರುಳಿಗೆ ಬಿದ್ದು, ಮತ್ತೆ ಕಲ್ಲಿಗೆ ಬಡಿಯಬೇಕು.

ಸಾಲದು ಅಂತ ಆ ನಾಳಗಳ ಸುತ್ತ ಸಿಲಿಕಾದ ಸಣ್ಣ ಕಣಗಳಿರುತ್ತವೆ. ಸಿಲಿಕಾ ಅಂದರೆ ಮರಳಿನಲ್ಲಿರೋ ವಸ್ತು. ಮೊಂಡಾಗಿಸೋ ಗುಣ ಮರದೊಳಗೇ ಕೂತಿದೆ. ತೆಂಗಿನ ಮರವನ್ನ ದೊಡ್ಡ ಪ್ರಮಾಣದಲ್ಲಿ ಕುಯ್ಯೋ ದೇಶಗಳ ಸಾಮಿಲ್ಲುಗಳಲ್ಲಿ ಮಾಮೂಲಿ ಉಕ್ಕಿನ ಹಲ್ಲು ತಡೆಯಲ್ಲ ಅಂತ ಟಂಗ್‌ಸ್ಟನ್ ಕಾರ್ಬೈಡ್ ಅಥವಾ ಸ್ಟೆಲೈಟ್ ತುದಿ ಹಾಕಿಸ್ತಾರೆ. ನಮ್ಮ ಮಿಷನ್ನಿನವರ ಹತ್ತಿರ ಇರೋದು ಬರೀ ಉಕ್ಕಿನ ಚೈನು, ಒಂದು ದುಂಡು ಅರ, ಒಂದು ಚಪ್ಪಟೆ ಅರ. ಅಲ್ಲಿಗೆ ಉಳಿಯೋ ಆಯುಧ ಕೋನ ಒಂದೇ.

ಚಿಕ್ಕಪ್ಪನ ಮರಗಳನ್ನ ಸೀಳಿದ ಅಣ್ಣ ಈ ಭಾಗದಲ್ಲಿ ಸೀಳೋ ಕೆಲಸ ಒಪ್ಪಿಕೊಳ್ಳೋ ಕೆಲವರಲ್ಲಿ ಒಬ್ಬರು. ಅವರ ಹತ್ತಿರ ಯಾವಾಗಲೂ ಎರಡು ಚೈನು. ಒಂದರ ಕೊಂಡಿಗೆ ಕೆಂಪು ನೈಲ್‌ ಪಾಲಿಶ್ ಹಚ್ಚಿದ್ದಾರೆ, ಮಗಳದ್ದಂತೆ. ಕೆಂಪು ಗುರುತಿನದು ಸೀಳೋಕೆ, ಇನ್ನೊಂದು ಅಡ್ಡ ಕುಯ್ಯೋಕೆ. ಅಣ್ಣನ ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕವನ್ನೇ ಇಸ್ಕೊಂಡು ಎರಡನ್ನೂ ಅಳೆದೆ. ಅಡ್ಡ ಕುಯ್ಯೋದು 25ರ ಆಸುಪಾಸು, ಸೀಳೋದು 10, 12. ಅವರಿಗೆ ಸಂಖ್ಯೆಯಲ್ಲಿ ಆಸಕ್ತಿ ಇಲ್ಲ.

"30 ಅಂತಾರಲ್ಲ ಅಣ್ಣ ಕಂಪನಿಯವರು?" ಅಂದೆ.

"ಕಂಪ್ನಿಯೋರು ತೆಂಗು ಕುಯ್ದವ್ರಾ ನೋಡಪ್ಪ? ಓರೆ ಜಾಸ್ತಿ ಮಾಡ್ದಷ್ಟೂ ಮೂಲೆ ಹೋಗ್ತೈತೆ. ಮೂಲೆ ಹೋದ್ಮ್ಯಾಕೆ ಹಲ್ಲಲ್ಲಿ ಏನೈತೆ?"

ವಿಚಿತ್ರ ಏನಂದರೆ, ಕಂಪನಿಯವರೂ ಅದನ್ನೇ ಹೇಳ್ತಾರೆ, ಬೇರೆ ಪುಟದಲ್ಲಿ. ಉದ್ದಕ್ಕೆ ಸೀಳೋಕೆ ಅಂತಲೇ ಬರೋ ರಿಪ್ಪಿಂಗ್ ಚೈನುಗಳನ್ನ 10 ಡಿಗ್ರಿಗೆ ಅರ ಹಾಕಿ ಕೊಡ್ತಾರೆ. ಕಾರಣ ಇಷ್ಟು: ಅಡ್ಡ ಕುಯ್ಯುವಾಗ ಹಲ್ಲು ನಾರನ್ನ ಪಕ್ಕದಿಂದ ಕತ್ತರಿಸಿ ಎಬ್ಬಿಸಿದರೆ ಸಾಕು. ಸೀಳುವಾಗ ನಾರಿನ ತುದಿಗೆ ಎದುರಾಗಿ ನಿಂತು, ತುದಿಯನ್ನೇ ಕೆತ್ತುತ್ತಾ ಹೋಗಬೇಕು. ಪೊರಕೆಯನ್ನ ನಡುವೆ ಕತ್ತರಿಸೋದಕ್ಕೂ ಅದರ ತುದಿಯನ್ನ ಕೆತ್ತೋದಕ್ಕೂ ಇರೋ ವ್ಯತ್ಯಾಸ ಅದು. ಅಲ್ಲಿ 30 ಡಿಗ್ರಿ ಓರೆ ಇದ್ದರೆ ಎಡಹಲ್ಲು ಎಡಕ್ಕೆ, ಬಲಹಲ್ಲು ಬಲಕ್ಕೆ ಎಳೆದಾಡುತ್ತವೆ. ಮಿಷನ್ ನಡುಗುತ್ತೆ, ಸೀಳಿದ ಮುಖ ತಂತಿ ಬ್ರಷ್ಷಲ್ಲಿ ಗೀರಿದ ಹಾಗಿರುತ್ತೆ. 10 ಡಿಗ್ರಿಯಲ್ಲಿ ನಡುಗೋದು ಕಮ್ಮಿ, ಜಂತೆಯ ಮುಖ ನುಣುಪು. ರಿಪ್ಪಿಂಗ್ ಚೈನು ನಮ್ಮ ಕಡೆಯ ಅಂಗಡಿಗಳಲ್ಲಿ ಕೇಳಿದ ತಕ್ಷಣ ಸಿಗೋ ಮಾಲಲ್ಲ. ಮಾಮೂಲಿ ಚೈನನ್ನೇ ಅರದಿಂದ ಹಾಗೆ ಮಾಡ್ಕೊಬೇಕು.

ಹಾಗಂತ ಹೊಸ ಚೈನು ತಂದು ಒಂದೇ ಸಲಕ್ಕೆ 30ರಿಂದ 10ಕ್ಕೆ ಇಳಿಸೋಕೆ ಹೋಗಬೇಡಿ. ಹಲ್ಲಿನ ಅರ್ಧ ಉಕ್ಕು ಅರದ ಪುಡಿಯಾಗಿ ನೆಲಕ್ಕೆ ಬೀಳುತ್ತೆ. ಅಣ್ಣ ಮಾಡೋದೇ ಸರಿ: ಅಡ್ಡ ಕುಯ್ದು ಅರ್ಧ ಸವೆದ ಚೈನನ್ನ ಸೀಳೋ ಕೆಲಸಕ್ಕೆ ವರ್ಗ ಮಾಡ್ತಾರೆ. ಪ್ರತಿ ಸಲ ಅರ ಹಾಕುವಾಗ ಓರೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬಂದು ನಾಲ್ಕೈದು ಸಲಕ್ಕೆ 10ಕ್ಕೆ ತರ್ತಾರೆ. ಅಷ್ಟರಲ್ಲಿ ಅಡ್ಡ ಕೊಯ್ತದ ಕೆಲಸವೂ ನಿಲ್ಲಲ್ಲ. ಹಲ್ಲಿನ ನೆತ್ತಿ ಉದ್ದದಲ್ಲಿ 4 ಮಿ.ಮೀ.ಗೆ ಬಂದರೆ ಚೈನು ಮುಗೀತು, ಆಮೇಲೆ ಹಲ್ಲು ಮುರಿದು ಹಾರೋ ಭಯ.

ಇಲ್ಲಿವರೆಗೆ ಓದಿದವರು 'ಸರಿ, ತೆಂಗಿಗೆ 25, ಸೀಳೋಕೆ 10' ಅಂತ ನೋಟ್ಸ್‌ ಆಪ್‌ನಲ್ಲಿ ಬರ್ಕೊಂಡಿದ್ದರೆ ಸ್ವಲ್ಪ ತಡೀರಿ. ನನ್ನ ಅಭಿಪ್ರಾಯದಲ್ಲಿ ಆ ಓರೆಗಿಂತ ದೊಡ್ಡ ಕೋನ ಇನ್ನೊಂದಿದೆ, ಅದು ಮೇಲಿಂದ ಕಾಣಲ್ಲ.

ಹಲ್ಲನ್ನ ಪಕ್ಕದಿಂದ ನೋಡಿದರೆ ದುಂಡು ಅರ ಕೊರೆದ ಕೊಕ್ಕೆಯಂಥ ಬಾಗು ಕಾಣುತ್ತೆ. ಅರವನ್ನ ಕೆಳಗೆ ಒತ್ತಿ ಹಿಡಿದರೆ ಕೊಕ್ಕೆ ಆಳ ಆಗುತ್ತೆ, ನೆತ್ತಿಯ ಅಂಚು ಬ್ಲೇಡಿನಷ್ಟು ತೆಳ್ಳಗಾಗುತ್ತೆ. ಮೊದಲ ಎರಡು ನಿಮಿಷ ಮಿಷನ್ ಮರದೊಳಗೆ ಹಾರಿ ಹೋಗುತ್ತೆ, ಮೂರನೇ ನಿಮಿಷಕ್ಕೆ ಅಂಚು ಸತ್ತಿರುತ್ತೆ. ಅರವನ್ನ ಎತ್ತರದಲ್ಲಿ ಹಿಡಿದರೆ ಕೊಕ್ಕೆಯೇ ಇರಲ್ಲ, ಅಂಚು ಹಿಂದಕ್ಕೆ ವಾಲುತ್ತೆ. ಎಷ್ಟು ಒತ್ತಿದರೂ ಮರದ ಮೇಲೆ ಜಾರುತ್ತೆ, ಕಚ್ಚಲ್ಲ. ಇವೆರಡರ ನಡುವೆ ಇರೋ ನಿಯಮ ಸರಳ: ಅರದ ದಪ್ಪದಲ್ಲಿ ಐದನೇ ಒಂದು ಪಾಲು ನೆತ್ತಿಗಿಂತ ಮೇಲೆ ಕಾಣಬೇಕು. 4.8 ಮಿ.ಮೀ. ಅರ ಆದರೆ ಹತ್ತಿರ ಹತ್ತಿರ 1 ಮಿ.ಮೀ. ತೆಂಗಿನ ವಿಷಯದಲ್ಲಿ ಎಚ್ಚರ ಬೇಕಾಗಿರೋದು ಕೆಳಗೆ ಒತ್ತೋ ಚಟದ ಬಗ್ಗೆ. ಒಂದು ಕೂದಲೆಳೆ ಮೇಲಾದರೂ ನಡೆಯುತ್ತೆ, ಕೆಳಗೆ ಹೋಗಬಾರದು.

ಇದಕ್ಕೆ ಅರದ ಅಳತೆ ಸರಿ ಇರಬೇಕು. ಹಳ್ಳಿ ಕಡೆ ಓಡೋ 58 ಸಿಸಿ ಮಿಷನ್ನುಗಳಲ್ಲಿ ಸಾಮಾನ್ಯವಾಗಿ .325 ಇಂಚು ಪಿಚ್ಚಿನ ಚೈನು ಇರುತ್ತೆ, ಅದಕ್ಕೆ 4.8 ಮಿ.ಮೀ. ಅರ. ಸಣ್ಣ ಮಿಷನ್ನುಗಳ ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ. ಅಂಗಡಿಯಲ್ಲಿ "ಚೈನ್‌ ಸಾ ಅರ ಕೊಡಿ" ಅಂದರೆ ಕೈಗೆ ಸಿಕ್ಕಿದ್ದನ್ನ ಕೊಡ್ತಾರೆ. ಪಿಚ್ಚು ಗೊತ್ತಿಲ್ಲದಿದ್ದರೆ ಚೈನಿನಲ್ಲಿ ಒಂದರ ಪಕ್ಕ ಒಂದು ಇರೋ ಮೂರು ರಿವೆಟ್ಟು ನೋಡಿ, ಮೊದಲನೆಯದರಿಂದ ಮೂರನೆಯದಕ್ಕೆ ದೂರ ಅಳೆದು ಎರಡರಿಂದ ಭಾಗಿಸಿ. ಅಷ್ಟೇ.

ಮೂರನೆಯದು ರೇಕರ್. ಅದು ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಹಲ್ಲಿನ ನೆತ್ತಿ ಹಿಂದಕ್ಕೆ ಇಳಿಜಾರು, ಹಾಗಾಗಿ ಅರ ಹಾಕಿದಷ್ಟೂ ಹಲ್ಲಿನ ತುದಿ ತಗ್ಗುತ್ತಾ ಬರುತ್ತೆ. ರೇಕರ್ ಅಲ್ಲೇ ಇರುತ್ತೆ. ಒಂದು ಹಂತದಲ್ಲಿ ಹಲ್ಲು ಎಷ್ಟೇ ಚೂಪಾಗಿದ್ದರೂ ರೇಕರ್ ಅದನ್ನ ಮರಕ್ಕೆ ತಾಗೋಕೇ ಬಿಡಲ್ಲ. "ಅರ ಹಾಕಿದ್ರೂ ಕುಯ್ತಾ ಇಲ್ಲ" ಅನ್ನೋ ದೂರಿನಲ್ಲಿ ಬಹುಪಾಲು ಇದೇ. ಆಗ ಚಪ್ಪಟೆ ಅರದಲ್ಲಿ ರೇಕರನ್ನ ಒಂದೆರಡು ಸಲ ತಿಕ್ಕಿ ಇಳಿಸಬೇಕು.

ಆದರೆ ಕೆಲವರು ಇಲ್ಲಿ ಅಡ್ಡದಾರಿ ಹಿಡೀತಾರೆ. ಹಲ್ಲು ಚೂಪು ಮಾಡೋ ಕಷ್ಟ ಯಾಕೆ, ರೇಕರನ್ನೇ ಚೆನ್ನಾಗಿ ತಗ್ಗಿಸಿಬಿಟ್ಟರೆ ಮೊಂಡು ಹಲ್ಲೂ ಕಚ್ಚುತ್ತೆ ಅಂತ. ಕಚ್ಚುತ್ತೆ, ನಿಜ. ಒಂದು ಲೆಕ್ಕ ನೋಡಿ. 20 ಇಂಚಿನ ಬಾರಿಗೆ ಹಾಕೋ 76 ಕೊಂಡಿಯ .325 ಚೈನಿನ ಉದ್ದ ಒಂದೂಕಾಲು ಮೀಟರ್, ಅದರಲ್ಲಿ 38 ಹಲ್ಲು. ಪೂರ್ತಿ ರೇಸಿನಲ್ಲಿ ಚೈನು ಸೆಕೆಂಡಿಗೆ 20 ಮೀಟರ್ ಓಡಿದರೆ, ಒಂದು ಸೆಕೆಂಡಿನಲ್ಲಿ ಸುಮಾರು 600 ಹಲ್ಲು ಮರವನ್ನ ಮುಟ್ಟಿ ಹೋಗುತ್ತವೆ. ಅದರಲ್ಲಿ ಒಂದು ಹಲ್ಲು ಬಾರಿನ ಮೂತಿಯ ಮೇಲ್ಭಾಗದಲ್ಲಿ ತನ್ನ ಯೋಗ್ಯತೆಗಿಂತ ಆಳ ಕಚ್ಚಿ ಸಿಕ್ಕಿಕೊಂಡರೆ, ಓಡೋಕೆ ಜಾಗ ಇಲ್ಲದ ಚೈನು ಇಡೀ ಮಿಷನ್ನನ್ನೇ ಹಿಂದಕ್ಕೆ, ಹಿಡಿದವನ ಮುಖದ ಕಡೆ ಎಸೆಯುತ್ತೆ. ಇದಕ್ಕೇ ಕಿಕ್‌ಬ್ಯಾಕ್ ಅನ್ನೋದು. ರೇಕರ್ ತಗ್ಗಿದಷ್ಟೂ ಇದರ ಅಪಾಯ ಜಾಸ್ತಿ.

ಮೊಂಡು ಚೈನಿನ ಅಪಾಯ ಇನ್ನೊಂದು ಥರ. ಚೂಪಾಗಿದ್ದರೆ ಮಿಷನ್ನಿನ ತೂಕಕ್ಕೇ ಮರ ಕುಯ್ಯುತ್ತೆ. ಮೊಂಡಾದರೆ ಒತ್ತಬೇಕು, ಒತ್ತುವಾಗ ಮೈಭಾರ ಎಲ್ಲ ಮುಂದಕ್ಕೆ ಬಂದಿರುತ್ತೆ. ತೆಂಗಿನಲ್ಲಿ ಸಿಪ್ಪೆ ದಾಟಿ ತಿರುಳಿಗೆ ಬಿದ್ದ ಕ್ಷಣ ತಡೆ ಇಲ್ಲದೆ ಮಿಷನ್ ಜಾರಿ ಕೆಳಗಿಳಿಯುತ್ತೆ. ಕೆಳಗೆ ಕಾಲಿರುತ್ತೆ. ಕಾಲಲ್ಲಿ ಹವಾಯಿ ಚಪ್ಪಲಿ ಇರುತ್ತೆ. ನಮ್ಮ ಪಕ್ಕದ ಊರಿನ ಒಬ್ಬರಿಗೆ ಮೊಣಕಾಲ ಕೆಳಗೆ ಹೀಗೇ ಆಗಿ, ಗಾಯ ಮಾಯ್ದರೂ ಮಿಷನ್ ಮತ್ತೆ ಹಿಡಿಯೋಕಾಗಿಲ್ಲ. ಅವರ ಕೆಲಸ ಹೋಯಿತು, ಆ ಊರಿನ ಮರಗಳೆಲ್ಲ ಈಗ ಇಟ್ಟಿಗೆ ಗೂಡಿನ ಲಾರಿಗೇ ಹೋಗ್ತಿವೆ. ಅರ ಹಾಕೋ ಕೆಲಸವನ್ನ ನಾನು ಬರೀ ಹವ್ಯಾಸದ ವಿಷಯ ಅಂತ ನೋಡದೇ ಇರೋದು ಇದಕ್ಕೇ.

ಇನ್ನು ಕೈಕೆಲಸ. ಎಂಜಿನ್ ಆಫ್ ಮಾಡಿ, ಪ್ಲಗ್ಗಿನ ಕ್ಯಾಪ್ ತೆಗೆದು, ಕೈಗೆ ಗ್ಲೌಸ್ ಹಾಕಿ. ಒಂದು ತುಂಡು ಮರದಲ್ಲಿ ಗೀರು ಹಾಕಿ ಬಾರನ್ನ ಅದರಲ್ಲಿ ಸಿಕ್ಕಿಸಿಟ್ಟರೆ ಅಲ್ಲಾಡಲ್ಲ. ಚೈನನ್ನ ಮಾಮೂಲಿಗಿಂತ ಒಂಚೂರು ಬಿಗಿ ಮಾಡಿಕೊಂಡರೆ ಹಲ್ಲು ವಾಲಲ್ಲ, ಕುಯ್ಯೋಕೆ ಮುಂಚೆ ಮತ್ತೆ ಸರಿ ಮಾಡಿದರಾಯಿತು. ಅರ ಹಲ್ಲಿನ ಒಳಗಿಂದ ಹೊರಕ್ಕೆ ಹೋಗಬೇಕು, ವಾಪಸ್ ಬರುವಾಗ ಎತ್ತಬೇಕು. ಅರ ಕೊರೆಯೋದು ಒಂದೇ ದಿಕ್ಕಿನಲ್ಲಿ, ಹಿಂದೆ ಮುಂದೆ ಉಜ್ಜಿದರೆ ಹಲ್ಲಿಗಿಂತ ಮೊದಲು ಅರ ಹಾಳು. ಮೊದಲು ಒಂದು ಕಡೆಯ 19 ಹಲ್ಲು ಪೂರ್ತಿ, ಆಮೇಲೆ ಆ ಕಡೆಗೆ ಹೋಗಿ ಇನ್ನೊಂದು 19. ಹಲ್ಲಿಗೆ ಮೂರು ಸಲ ಅಂದರೆ ಒಟ್ಟು 114 ಎಳೆತ, ಒಂದು ಟೀ ಆರೋಷ್ಟು ಹೊತ್ತು.

ಎಣಿಸಿ ಮಾಡಿ ಅನ್ನೋದಕ್ಕೆ ಕಾರಣ ಇದೆ. ಬಲಗೈಯವರಿಗೆ ಒಂದು ಕಡೆಯ ಹಲ್ಲು ಸಲೀಸು, ಇನ್ನೊಂದು ಕಡೆ ಕೈ ತೊಡರುತ್ತೆ. ಗೊತ್ತಿಲ್ಲದ ಹಾಗೆ ಒಂದು ಕಡೆ 28 ಡಿಗ್ರಿ, ಇನ್ನೊಂದು ಕಡೆ 20 ಆಗಿಬಿಡುತ್ತೆ. ಒಂದು ಕಡೆ ಹಲ್ಲು ಉದ್ದ, ಇನ್ನೊಂದು ಕಡೆ ಗಿಡ್ಡ. ಆಗ ಚೂಪಾಗಿರೋ ಕಡೆಗೆ ಮಿಷನ್ ಎಳೆಯುತ್ತೆ, ಕೊಯ್ತ ಬಾಳೆಹಣ್ಣಿನ ಥರ ಬಾಗುತ್ತೆ. ಅಡ್ಡ ಕೊಯ್ತದಲ್ಲಿ ಇದು ಗೊತ್ತಾಗದೇ ಹೋಗಬಹುದು. ಹತ್ತು ಅಡಿ ಜಂತೆ ಸೀಳುವಾಗ ಒಂದು ತುದಿ ನಾಲ್ಕಿಂಚು, ಇನ್ನೊಂದು ತುದಿ ಎರಡಿಂಚು ಬಂದರೆ ಬಡಗಿ ಅದನ್ನ ಮುಟ್ಟೋದೂ ಇಲ್ಲ, ಅದು ಮತ್ತೆ ಸೌದೆಯೇ. 25ಕ್ಕೆ ಬದಲು 27 ಆದರೆ ಆಕಾಶ ಬೀಳಲ್ಲ. 38 ಹಲ್ಲಿಗೂ 27 ಇರಲಿ. ಯೂಟ್ಯೂಬಲ್ಲಿ ಎರಡು ಡಿಗ್ರಿಗಾಗಿ ಗಂಟೆಗಟ್ಟಲೆ ಜಗಳ ಆಡೋರು ಈ ಮಾತನ್ನ ಯಾಕೋ ಕೊನೆಯಲ್ಲಿ ಹೇಳ್ತಾರೆ.

ಬೇರೆ ಮರಗಳ ಬಗ್ಗೆ ಎರಡೇ ಮಾತು. ಬದುವಿನ ಸಿಲ್ವರ್ ಓಕ್ ಹಸಿಯಾಗಿದ್ದರೆ ಕಂಪನಿಯ 30 ಚೆನ್ನಾಗೇ ನಡೆಯುತ್ತೆ. ಹುಣಸೆ, ಒಣಗಿದ ಜಾಲಿಗೆ 25. ಬೇಲಿ ಸಾಲಿನ ಮರ ಯಾವುದೇ ಆಗಲಿ ಮೊದಲು ಕಣ್ಣಲ್ಲಿ ಹುಡುಕಿ, ಹಿಂದೆ ಯಾರೋ ತಂತಿ ಕಟ್ಟೋಕೆ ಹೊಡೆದ ಮೊಳೆ ಒಳಗೆ ಇರುತ್ತೆ. ಮೊಳೆಗೆ ಯಾವ ಡಿಗ್ರಿಯೂ ಉತ್ತರ ಅಲ್ಲ. ತೆಂಗಿನ ಬುಡ ಕುಯ್ಯೋಕೆ ಮುಂಚೆ ಮಚ್ಚಿನ ಬೆನ್ನಲ್ಲಿ ಮಣ್ಣು ಕೆರೆದು, ಅದು ಸಾಲದಿದ್ದರೆ ಒಂದು ಚೊಂಬು ನೀರು ಹುಯ್ದು ತೊಳೀರಿ. ನಮ್ಮ ಕೆಂಪು ಮಣ್ಣಲ್ಲಿ ಮರಳಿನ ಅಂಶ ಇದೆ, ಮರದೊಳಗಿನ ಸಿಲಿಕಾ ಒಂದು ಗಂಟೆಯಲ್ಲಿ ಮಾಡೋ ಹಾಳನ್ನ ಅದು ಒಂದು ನಿಮಿಷದಲ್ಲಿ ಮಾಡುತ್ತೆ.

ಯಾವಾಗ ಮತ್ತೆ ಅರ ಹಾಕಬೇಕು ಅಂತ ಕೇಳ್ತೀರಿ. ಅಡ್ಡ ಕೊಯ್ತದಲ್ಲಿ ಚಕ್ಕೆ ಬೀಳ್ತಿದ್ದರೆ ಸರಿ, ಹಿಟ್ಟಿನಂಥ ಪುಡಿ ಬಂದರೆ ನಿಲ್ಲಿಸಿ. ಆದರೆ ಈ ಪರೀಕ್ಷೆ ಸೀಳುವಾಗ ನಡೆಯಲ್ಲ, ನಾರಿನ ತುದಿ ಕೆತ್ತುವಾಗ ಚೂಪು ಚೈನಿನಲ್ಲೂ ಪುಡಿ ಸಣ್ಣಗೇ ಬೀಳುತ್ತೆ. ಅಲ್ಲಿ ನೋಡಬೇಕಾದ್ದು ಕೈ. ಒತ್ತಬೇಕು ಅನ್ನಿಸಿದ ಕ್ಷಣವೇ ಅರದ ಸಮಯ. ಜೊತೆಗೆ ಹೊಗೆ, ಸುಟ್ಟ ಸಕ್ಕರೆಯಂಥ ವಾಸನೆ ಬಂದರೆ ಆಗಲೇ ತಡ ಆಗಿದೆ. ಅಣ್ಣ ಪೆಟ್ರೋಲ್ ಟ್ಯಾಂಕ್ ಖಾಲಿ ಆದಾಗೆಲ್ಲ, ಚೈನು ಹೇಗೇ ಇರಲಿ, ಹಲ್ಲಿಗೆ ಎರಡೆರಡು ಸಲ ಅರ ಎಳೆದೇ ಮತ್ತೆ ಪೆಟ್ರೋಲ್ ಹಾಕೋದು. ಪೂರ್ತಿ ಮೊಂಡಾದ ಮೇಲೆ ಹತ್ತು ಸಲ ಎಳೆಯೋದಕ್ಕಿಂತ ಇದರಲ್ಲಿ ಉಕ್ಕೂ ಉಳಿಯುತ್ತೆ, ಅಷ್ಟು ಹೊತ್ತು ಸೊಂಟವೂ ನೆಟ್ಟಗಾಗುತ್ತೆ.

ಚಿಕ್ಕಪ್ಪನ ತೋಟದಲ್ಲಿ ಇನ್ನೂ ಏಳು ಕಂಬ ನಿಂತಿವೆ. ಲಾರಿಯವನು ಎರಡು ಸಲ ಬಂದು ಹೋದ. ಅಣ್ಣನಿಗೆ ದೀಪಾವಳಿ ಕಳೆದ ಮೇಲೆ ಬಿಡುವಂತೆ. ಕೆಂಪು ಗುರುತಿನ ಚೈನು ನೆತ್ತಿಯಲ್ಲಿ 5 ಮಿ.ಮೀ.ಗೆ ಬಂದಿದೆ, ಏಳು ಮರಕ್ಕೆ ಸಾಲಲ್ಲ. ಇನ್ನೊಂದನ್ನ ಈಗಲೇ ಇಳಿಸ್ತಾ ಬರ್ತಿದ್ದಾರೆ. ಮೊನ್ನೆ ಅಳೆದಾಗ 18ಕ್ಕೆ ಬಂದಿತ್ತು.